ಹದಿನೇಳನೇ ನಂಬರಿಗೆ ಒಂದು ಕರೆ

ಪ್ರೀತಿಯ ಅರ್ಲೆಟಾ,

ಹಳೇ ತರಂಗಾಂತರವನ್ನು ಮೊಬೈಲಿನವರಿಗೆ ಬಿಟ್ಟುಕೊಟ್ಟು ನಮ್ಮ ಕೌಂಟಿಯ ಫೈರ್ ರೇಡಿಯೊ ಹೊಸದಕ್ಕೆ ಹೋದಾಗಿನಿಂದ ನಿಮ್ಮ ರೇಡಿಯೊ ಮಾತು ಕೇಳಲು ವರ್ನನ್ ಮಂಚದ ಪಕ್ಕ ಇಟ್ಟುಕೊಂಡಿರುವ ಸ್ಕ್ಯಾನರ್ ಮೂಕವಾಗಿದೆ. ನೀನು ಕಂಟ್ರೋಲ್ ರೂಮಿನಲ್ಲಿ ಬಾಯಿ ತೆರೆದರೆ ಅದರ ದೀಪವೇನೋ ಹತ್ತುತ್ತದೆ. ಆದರೆ ನಿನ್ನನ್ನು ಹುಡುಕಿಕೊಂಡು ಅದು ಹಳೇ ಜಾಗಕ್ಕೇ ಹೋಗುತ್ತದೆ, ಅಲ್ಲಿ ಯಾರೂ ಇರುವುದಿಲ್ಲ. "ಇದರ ತಲೆಗೆ ಹೊಸದು ಹತ್ತಲ್ಲ ಅಮ್ಮಾ" ಅಂದ ರಿಪೇರಿಯವನು.

ವರ್ನನ್‌ಗೆ ಹೇಳಿಲ್ಲ. "ಅರ್ಲೆಟಾ ಬಾಯಿ ಮುಚ್ಕೊಂಡು ಕೂತಿದ್ದಾಳೆ ಅಂದ್ರೆ ಊರಲ್ಲಿ ಎಲ್ಲೂ ಬೆಂಕಿ ಬಿದ್ದಿಲ್ಲ ಬಿಡು" ಅಂತ ಮಲಗಿದ್ದಲ್ಲೇ, ಆಮ್ಲಜನಕದ ನಳಿಕೆ ಸರಿಮಾಡಿಕೊಂಡು ನಗುತ್ತಾನೆ. ಬೆಂಕಿ ಆರಿಸುತ್ತಾ ಅಷ್ಟು ವರ್ಷ ನುಂಗಿದ ಹೊಗೆ ಈಗ ಶ್ವಾಸಕೋಶದಲ್ಲಿ ಲೆಕ್ಕ ಕೇಳುತ್ತಿದೆ. ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆ ಅವನು ಏನು ತಿನ್ನಬಹುದು ಅಂತ ಕೇಳಿದೆ. ಡಾಕ್ಟರು ಕಿಟಕಿಯ ಕಡೆ ನೋಡಿದರು.

ನಿಮ್ಮ ಪದ್ಧತಿ ನನಗೆ ಗೊತ್ತು. ಫೈರ್‌ನವನೊಬ್ಬ ತೀರಿಕೊಂಡರೆ, ಸಮಾಧಿಯ ಹತ್ತಿರ ಎಲ್ಲರೂ ನಿಂತಿರುವಾಗ ನೀನು ರೇಡಿಯೊದಲ್ಲಿ ಅವನ ನಂಬರ್ ಕರೆಯುತ್ತೀಯ. ಉತ್ತರ ಬರುವುದಿಲ್ಲ. ಮತ್ತೆ ಕರೆಯುತ್ತೀಯ. ಬೇರೆಯವರ ಗಂಡಂದಿರಿಗೆ ನೀನು ಹಾಗೆ ಕರೆದಾಗ ನಾನೂ ಅಲ್ಲಿ ನಿಂತು ಅತ್ತಿದ್ದೇನೆ.

ನಾನು ಕೇಳುವುದು ಇಷ್ಟೇ. ಭಾನುವಾರ ಚರ್ಚ್ ಮುಗಿದ ಮೇಲೆ ನಿಮ್ಮ ಚೀಫ್ ಕೈಲಿ ಒಂದು ಹೊಸ ವಾಕಿಟಾಕಿ ಕಳಿಸು. ಹಿಂಬಾಗಿಲಿಂದ ಬರಲಿ, ಮುಂಬಾಗಿಲು ಉಬ್ಬಿಕೊಂಡಿದೆ. ವರ್ನನ್ ಅದನ್ನು ಕೈಯಲ್ಲಿ ಹಿಡಿದ ಮೇಲೆ, "ಹದಿನೇಳು" ಅಂತ ಅವನ ನಂಬರ್ ಒಂದು ಸಲ ಕರೆ.

ಈಗಿನ್ನೂ ಉತ್ತರ ಕೊಡುತ್ತಾನೆ.

ನಿನ್ನ,
ಇಮೋಜೀನ್ ಹ್ಯಾಸ್ಕಲ್