ಭೀಮನಿಗೆ ಒಂದು ಲೋಟ ನೀರು

ಉಮ್ಮತ್ತೂರು
೩೦-೧೧-೨೦೨೫, ಭಾನುವಾರ

ಪ್ರೀತಿಯ ಅತ್ತೆಮ್ಮನಿಗೆ ನಿಮ್ಮ ಸೊಸೆ ನಾಗರತ್ನ ಮಾಡುವ ಶರಣು.

ನಿಮ್ಮ ಮೊಣಕಾಲು ನೋವು ಹೇಗಿದೆ? ಗುಂಡ್ಲುಪೇಟೆಯ ಚಳಿ ನಮ್ಮೂರಿಗಿಂತ ಒಂದು ಕೈ ಜಾಸ್ತಿ ಅಂತಾರೆ, ಬೆಳಿಗ್ಗೆ ಎದ್ದವರೇ ತಣ್ಣೀರಿಗೆ ಕೈ ಹಾಕಬೇಡಿ. ಬಾಣಂತಿ ಚೆನ್ನಾಗಿದ್ದಾಳಾ? ಮಗು ನಿದ್ದೆ ಮಾಡುತ್ತಾ? ಮಗಳ ಬಾಣಂತನಕ್ಕೆ ಅಂತ ಹೋದವರು ಅಳಿಯನ ಅಡುಗೆಮನೆಯನ್ನೂ ಹದ್ದುಬಸ್ತಿಗೆ ತಂದಿದ್ದೀರಂತೆ, ನಿಮ್ಮ ಮಗ ಹೇಳಿಕೊಂಡು ನಗುತ್ತಿದ್ದರು. ಇಲ್ಲಿ ನಾವೆಲ್ಲ ಕ್ಷೇಮ. ರಾಗಿ ಕೊಯ್ಲು ಶುರುವಾಗಿದೆ. ಕೆಂಪು ಹಸು ಹಾಲು ಕಡಿಮೆ ಮಾಡಿದೆ, ನೀವಿಲ್ಲ ಅಂತ ಮುನಿಸೋ ಏನೋ. ಫೋನಿರುವಾಗ ಇವಳ್ಯಾಕೆ ಕಾಗದ ಬರೆದಳು ಅಂತ ಕನ್ನಡಕ ಹುಡುಕುತ್ತಿದ್ದೀರಿ, ಗೊತ್ತು. ಫೋನಿನಲ್ಲಿ ಇಷ್ಟವಿಲ್ಲದ ಮಾತು ಬಂದರೆ ‘ಸರಿ ಇಡಮ್ಮಿ, ಮಗ ಅಳ್ತದೆ’ ಅಂತ ಇಟ್ಟುಬಿಡುತ್ತೀರಿ, ಮಗು ಅಳದಿದ್ದರೂ. ಏಳನೇ ಕ್ಲಾಸು ಪಾಸಾದವರು ನೀವು, ಕಾಗದವನ್ನು ಮಾತ್ರ ಕೊನೆವರೆಗೂ ಓದುತ್ತೀರಿ.

ಶಾಲೆಯ ಸುದ್ದಿಯಿಂದಲೇ ಶುರುಮಾಡುತ್ತೇನೆ. ಬುಧವಾರ ಸಂವಿಧಾನ ದಿನ ಇತ್ತಲ್ಲ, ಅದಕ್ಕೆ ಮೊದಲು ನನ್ನ ಎರಡನೇ ಮೂರನೇ ಕ್ಲಾಸಿನ ಮಕ್ಕಳಿಗೆ ಅಂಬೇಡ್ಕರ್ ಅವರ ಬಗ್ಗೆ ಓದಿಸೋಣ, ಬರೆಸೋಣ ಅಂತ ಹೊರಟೆ. ಮಕ್ಕಳಿಗೆ ಅವರು ಗೊತ್ತಿಲ್ಲ ಅಂತಲ್ಲ. ನೀಲಿ ಕೋಟು, ಕನ್ನಡಕ, ಕೈಯಲ್ಲಿ ಪುಸ್ತಕ, ಎಲ್ಲ ಗೊತ್ತು. ಆದರೆ ಅವರೂ ಒಂದು ಕಾಲಕ್ಕೆ ನಿಮ್ಮ ಹಾಗೇ ಚಿಕ್ಕ ಹುಡುಗ ಆಗಿದ್ದರು ಅಂದರೆ ಒಬ್ಬರೂ ನಂಬಲಿಲ್ಲ. ಅದಕ್ಕೇ ಕಾನೂನು ಗೀನೂನು ಆಮೇಲಿರಲಿ ಅಂತ, ಭೀಮ ಅನ್ನುವ ಹುಡುಗನ ಬಗ್ಗೆ ಚಾರ್ಟಿನಲ್ಲಿ ದಪ್ಪಕ್ಷರದಲ್ಲಿ ನಾಲ್ಕು ಸಾಲು ಬರೆದು ತೂಗುಹಾಕಿದೆ. ಭೀಮ ಮನೆಯಿಂದ ಗೋಣಿಚೀಲ ತರುತ್ತಾನೆ. ಅದರ ಮೇಲೆ ಒಬ್ಬನೇ ಕೂರುತ್ತಾನೆ. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ. ಜವಾನ ಬಂದು ತಿರುಗಿಸಿದರೆ ಉಂಟು, ಬಾರದಿದ್ದರೆ ಬಾಯಾರಿಕೊಂಡೇ ಮನೆಗೆ. ಮಕ್ಕಳು ಬೆರಳಿಟ್ಟು ಚೆನ್ನಾಗಿಯೇ ಓದಿದರು. ಯಾಕೆ ಮುಟ್ಟುವಂತಿಲ್ಲ ಅಂತ ಕೇಳಿದೆ. ‘ನೀರು ಪೋಲು ಮಾಡಿರ್ಬೇಕು ಮಿಸ್’ ಅಂತ ಇಡೀ ಕ್ಲಾಸು ಒಂದೇ ಬಾಯಲ್ಲಿ ಅಂದಿತು! ನಗಬೇಕೋ ಅಳಬೇಕೋ ಹೇಳಿ. ಆಟಕ್ಕೆ ನಲ್ಲಿ ತಿರುಗಿಸಿ ಟ್ಯಾಂಕು ಖಾಲಿ ಮಾಡುತ್ತಾರೆ ಅಂತ, ದೊಡ್ಡವರಿಲ್ಲದೆ ಯಾರೂ ನಲ್ಲಿ ಮುಟ್ಟಕೂಡದು ಅಂತ ಶಾಲೆಯಲ್ಲಿ ಕಟ್ಟುಮಾಡಿದವಳು ನಾನೇ. ಪಾಪ, ಭೀಮನಿಗೂ ನನ್ನಂಥ ಮಿಸ್ಸೇ ಗಂಟುಬಿದ್ದಿದ್ದಾಳೆ ಅಂದುಕೊಂಡಿದ್ದರು.

ಹಾಗಲ್ಲ, ಮಿಕ್ಕ ಮಕ್ಕಳೆಲ್ಲ ಮುಟ್ಟಬಹುದಿತ್ತು, ಇವನ ಜಾತಿಯವರು ಮುಟ್ಟಿದರೆ ಮಾತ್ರ ಮೈಲಿಗೆ ಅಂತಿದ್ದರು ಅಂತ ಬಿಡಿಸಿ ಹೇಳಿದೆ. ಈಗ ಆ ಹುಡುಗನಿಗೆ ಒಂದೊಂದು ಕಾಗದ ಬರೆಯಿರಿ ಅಂದೆ. ಒಬ್ಬ ‘ನಿನ್ನ ಗೋಣಿಚೀಲ ನಾನು ಎತ್ಕತೀನಿ’ ಅಂತ ಬರೆದ. ಇನ್ನೊಬ್ಬ ‘ನಮ್ಮ ಸ್ಕೂಲಿಗೆ ಸೇರ್ಕೊ, ನಮ್ಮ ಮಿಸ್ ಬೈತಾರೆ ಆದ್ರೆ ಒಳ್ಳೇರು’ ಅಂತ. ನಿಮ್ಮ ಮೊಮ್ಮಗಳು ಭಾನು ಬರೆದದ್ದನ್ನು ಹಾಗೇ ಇಳಿಸುತ್ತೇನೆ, ಕೇಳಿ: ‘ಭೀಮ, ನಮ್ಮ ಮನೆಗೆ ಬಾ. ನಮ್ಮಜ್ಜಿ ಯಾರು ಬಂದರೂ ಮೊದಲು ಲೋಟದಲ್ಲಿ ನೀರು ಕೊಡುತ್ತಾರೆ. ಬೆಲ್ಲವನ್ನೂ ಕೊಡುತ್ತಾರೆ. ಅಜ್ಜಿ ಕೊಟ್ಟ ಮೇಲೆ ಯಾರೂ ಏನೂ ಅನ್ನುವುದಿಲ್ಲ.’ ಓದಿ ನನಗೆ ಹೆಮ್ಮೆಯೇ ಆಯಿತು ಅತ್ತೆಮ್ಮ. ಬೇರೇನೂ ಹೊಳೆಯಲಿಲ್ಲ.

ಬುಧವಾರ ಹೆತ್ತವರನ್ನೆಲ್ಲ ಕರೆಸಿ ಮಕ್ಕಳ ಕೈಲಿ ಓದಿಸಿದೆ. ನಿಮ್ಮ ಪಕ್ಕದ ಸಾಲಿನಲ್ಲೇ ಇಷ್ಟು ವರ್ಷ ನಮ್ಮ ಅರಿಶಿನದ ಹೊಲದ ಕಳೆ ಕಿತ್ತ ಪುಟ್ಟಸಿದ್ದಮ್ಮ ಕೂಡ ಬಂದಿದ್ದಳು. ಅವಳ ಮೊಮ್ಮಗಳು ಮೇಘನಾ ಭಾನು ಪಕ್ಕದಲ್ಲೇ ಕೂರುವವಳು. ಭಾನು ಗಟ್ಟಿಯಾಗಿ ಓದಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುತ್ತಲೂ ಮೇಘನಾ ಅವಳನ್ನು ಕೇಳಿದಳು, ‘ಮತ್ತೆ ನಮ್ಮಜ್ಜಿಗೆ ಯಾಕೆ ನಿಮ್ಮ ಹಿತ್ತಲಲ್ಲಿ ಬೊಗಸೆಗೆ ನೀರು ಹುಯ್ತಾರೆ?’ ಅಂತ. ಅಣಕವೂ ಇಲ್ಲ, ಸಿಟ್ಟೂ ಇಲ್ಲ, ಲೆಕ್ಕ ಅರ್ಥವಾಗದಾಗ ಕೇಳುತ್ತಾಳಲ್ಲ ಹಾಗೆ. ಪುಟ್ಟಸಿದ್ದಮ್ಮ ‘ಸುಮ್ಕಿರಮ್ಮಿ’ ಅಂತ ಗದರಿದಳು. ಭಾನು ನನ್ನ ಮುಖ ನೋಡಿದಳು. ಈ ಮನೆಗೆ ಬಂದ ಮೇಲೆ ನೀವು ಹುಯ್ದಂತೆ ನಾನೂ ಹುಯ್ದುಕೊಂಡು ಬಂದವಳೇ. ಮುಂದಿನ ಮಗುವನ್ನು ಕರೆದೆ.

ಮಾರನೆಯ ದಿನ ಪುಟ್ಟಸಿದ್ದಮ್ಮ ಕೆಲಸಕ್ಕೆ ಬಂದಾಗ ಭಾನು ಅಡುಗೆಮನೆಯಿಂದ ನಿಮ್ಮ ಕಂಚಿನ ಲೋಟದಲ್ಲಿ ತುಳುಕುವಷ್ಟು ನೀರು ತುಂಬಿಕೊಂಡು ಹಿತ್ತಲಿಗೆ ಹೋದಳು. ಪುಟ್ಟಸಿದ್ದಮ್ಮ ಈಸಿಕೊಳ್ಳಲಿಲ್ಲ. ಮಗು ಅಂತ ಬೇಡ ಅಂದಳೇನೋ ಅಂತ ನಾನೇ ಹೋಗಿ ಚಾಚಿದೆ. ‘ಬ್ಯಾಡಿ ಕಣ್ರವ್ವಾ. ದೊಡ್ಡವ್ವಾರು ಇಲ್ದಾಗ ಕುಡುದ್ರೆ ಕದ್ದು ಕುಡುದಂಗಾಯ್ತದೆ. ಅವ್ರೇ ಕೊಡ್ಲಿ, ಈಸ್ಕತೀನಿ’ ಅಂದಳು. ಅವತ್ತಿನಿಂದ ಬೊಗಸೆಯನ್ನೂ ಒಡ್ಡುತ್ತಿಲ್ಲ, ಮನೆಯಿಂದ ಬಾಟಲಿಯಲ್ಲಿ ನೀರು ತಂದುಕೊಳ್ಳುತ್ತಾಳೆ. ಸಿಟ್ಟು ಅಂತ ತಿಳಿಯಬೇಡಿ, ‘ದೊಡ್ಡವ್ವಾರ ಮಂಡಿ ನೋವು ಹೆಂಗದೆ’ ಅಂತ ದಿನಾ ಕೇಳುತ್ತಾಳೆ. ನಿಮ್ಮ ಮಗನಿಗೆ ಹೇಳಿದರೆ ‘ಅವ್ವನ ಹತ್ರ ನೀನೇ ಮಾತಾಡು’ ಅಂತ ಟವಲ್ಲು ಕೊಡವಿಕೊಂಡು ಎದ್ದುಹೋದರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಯಾವಾಗಲೂ ಸೊಸೆಯಂದಿರದ್ದೇ.

ಭಾನು ಒಂದೇ ಸಮ ‘ಅಮ್ಮ, ನಾನು ಬರೆದದ್ದು ಸುಳ್ಳಾ?’ ಅಂತ ಕೇಳುತ್ತಿದ್ದಾಳೆ. ಅವಳು ಸುಳ್ಳು ಬರೆಯಲಿಲ್ಲ ಅತ್ತೆಮ್ಮ. ಜಗಲಿಯ ಮೇಲೆ ತಾನು ನೋಡಿದ ಅಜ್ಜಿಯನ್ನೇ ಬರೆದಳು. ಬಿಸಿಲಲ್ಲಿ ಬಂದ ಪಾತ್ರೆ ಮಾರುವವನಿಗೂ ಬೆಲ್ಲ ಕೊಡದೆ ಕಳಿಸಿದವರಲ್ಲ ನೀವು, ಅದು ಊರಿಗೇ ಗೊತ್ತು. ಅವಳು ಹಿತ್ತಲ ಕಡೆ ತಿರುಗಿ ನೋಡಿರಲಿಲ್ಲ, ಅಷ್ಟೆ. ಈಗ ನೋಡಿದ್ದಾಳೆ. ನನಗೆ ನೋವಾಗುತ್ತಿರುವುದು ಅದಕ್ಕೇ. ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು, ಆದರೆ ಆ ಮಗುವಿಗೆ ಉತ್ತರ ಹೇಳುವುದು ನನ್ನ ಕೈಲಾಗುವುದಿಲ್ಲ. ನಾನು ಹೇಳಿದರೂ ಅವಳು ನಂಬುವುದಿಲ್ಲ.

ಗುರುವಾರ ಬರುವಾಗ ಆಧಾರ್ ಕಾರ್ಡ್ ಮರೆಯಬೇಡಿ, ಹೋಗುವಾಗ ಕಂಡಕ್ಟರ್ ಜೊತೆ ಜಗಳ ಮಾಡಿದ್ದು ಸಾಕು. ಚಾಮರಾಜನಗರ ಬಸ್‌ಸ್ಟ್ಯಾಂಡಿಗೆ ನಿಮ್ಮ ಮಗ ಬಂದಿರುತ್ತಾರೆ. ಬಾಣಂತಿಗೆ ಮೆಣಸಿನ ಸಾರು ತಪ್ಪಿಸದಂತೆ ಹೇಳಿ ಬನ್ನಿ. ಮಗುವಿಗೆ ನನ್ನದೊಂದು ಮುತ್ತು, ಅಳಿಯಂದಿರಿಗೆ ಶರಣು ತಿಳಿಸಿ. ಜಗಳವಾಡಲಿಕ್ಕೆ ಜನವಿಲ್ಲದೆ ಮನೆ ಬಿಕೋ ಅನ್ನುತ್ತಿದೆ, ಬೇಗ ಬನ್ನಿ.

ನಿಮ್ಮ ಪ್ರೀತಿಯ ಸೊಸೆ,
ನಾಗರತ್ನ

ಮರೆತಿದ್ದೆ: ಕಾಗದಗಳನ್ನು ಶಾಲೆಯ ಗೋಡೆಗೆ ಅಂಟಿಸುವ ಮುಂಚೆ ಮಕ್ಕಳು ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ಪೆನ್ನಿನಲ್ಲಿ ತಿದ್ದುತ್ತಾರೆ. ಎಲ್ಲರದ್ದೂ ಆಯಿತು. ಭಾನು ಮಾತ್ರ ಪೆನ್ನು ಮುಟ್ಟಲಿಲ್ಲ. ‘ಅಜ್ಜಿ ಬರ್ಲಿ, ಆಮೇಲೆ ಪೆನ್ನೋ ರಬ್ಬರೋ ನೋಡ್ತೀನಿ’ ಅಂದಳು. ಗುರುವಾರ ಪುಟ್ಟಸಿದ್ದಮ್ಮ ರಾಗಿ ಕೊಯ್ಲಿಗೆ ಬರುತ್ತಾಳೆ. ಲೋಟ ತೊಳೆದು ಇಟ್ಟಿದ್ದೇನೆ.