ಅಂದಾನೆಪ್ಪ, ನಿನ್ನ ಮಗಳ ಹುಕುಮು

ಗಜೇಂದ್ರಗಡ, ಶಕೆ ೧೭೭೬

ಗೆಳೆಯ ಅಂದಾನೆಪ್ಪನಿಗೆ ಮಠದ ಪಂಡಿತ ಪ್ರಭುಲಿಂಗಪ್ಪನ ಸಾಷ್ಟಾಂಗ ದೂರು.

ನೀನು ಲಿಂಗೈಕ್ಯನಾಗಿ ನಾಲ್ಕು ವರ್ಷ. ಅಲ್ಲಿಗೆ ಟಪಾಲು ಹೋಗುವುದಿಲ್ಲ, ಆದರೂ ದೂರು ದೂರೇ.

ನೀನು ಮೂವತ್ತು ವರ್ಷ ಧೂಳು ಒರೆಸಿದ ಗ್ರಂಥಭಂಡಾರಕ್ಕೆ ಇಂದು ಬೆಳಿಗ್ಗೆ ಗೆದ್ದಲು ಹತ್ತಿತು. ಪಂಡಿತರು ನಾವು ಐವರೂ ಕೂಡಲೇ ಕೆಲಸಕ್ಕೆ ಇಳಿದೆವು. ಅಂದರೆ, ಮೊದಲು ಹೊರಗೆ ಹೋಗುವ ಗೌರವ ಪುರಾಣಕ್ಕೋ ವ್ಯಾಕರಣಕ್ಕೋ ಎಂದು ವಾದಕ್ಕೆ ಕುಳಿತೆವು. ಈಗ ನಿನ್ನ ಕೆಲಸ ಮಾಡುವ ನಿನ್ನ ಮಗಳು ಕಳಕವ್ವ ಕಸಬರಿಗೆ ಕೆಳಗಿಟ್ಟಳು.

"ಗೆದ್ದಲ ನೆಲದಿಂದ ಬರ್ತಾವ್ರಿ. ಕೆಳಗಿನ ಹಲಗಿ ಮ್ಯಾಲಿನ ಕಟ್ಟು ಮೊದಲ ಎತ್ರಿ, ಲಗೂ! ವಾದ ಆಮ್ಯಾಲ ನೆರಳಾಗ ಕುಂತು ಮಾಡ್ರಿ."

ಐವರೂ ಹಮಾಲರಂತೆ ಹೊತ್ತೆವು. ಮುನ್ನೂರು ಓಲೆಗರಿ ಕಟ್ಟುಗಳಲ್ಲಿ ಒಂದೂ ಹಾಳಾಗಲಿಲ್ಲ. ಸಂಜೆ ಸ್ವಾಮಿಗಳು, ಇನ್ನು ಭಂಡಾರದ ಯಜಮಾನಿಕೆ ನಿನ್ನದೇ ಎಂದು ಅವಳ ಮುಂದೆ ಕೀಲಿ ಹಿಡಿದರು. ಅವಳು ಕೈ ಚಾಚಲಿಲ್ಲ.

"ಓದಾಕ ಬರದಾಕಿಗೆ ಕೀಲಿ ಯಾಕ್ರಿ ಅಜ್ಜಾರ? ಮೊದಲ ಅಕ್ಷರ ಕಲಸ್ರಿ. ನನಗಷ್ಟ ಅಲ್ಲ, ನನ್ನ ಜೋಡಿ ಕಸಾ ಹೊಡಿಯೋ ಕಲ್ಲವ್ವ, ಮುದುಕವ್ವಗೂ."

ನನ್ನ ಎದೆ ಹಿಗ್ಗಿತು. ಮಠದಲ್ಲಿ ಅಕ್ಷರ ಕಲಿಸುವವನು ನಾನೇ ಎಂದು ಎಲ್ಲರೂ ನನ್ನ ಕಡೆ ನೋಡಿದಾಗ ತುಸು ಕುಗ್ಗಿತು.

ಅವಳು ಏಳು ವರ್ಷದವಳಿದ್ದಾಗ ನೀನೂ ಇದನ್ನೇ ಕೇಳಿದ್ದೆ. ಬರುವ ಶ್ರಾವಣಕ್ಕೆ ನೋಡೋಣ ಎಂದು ನಾನು ಹೇಳಿದ್ದೆ. ಆಮೇಲೆ ಎಷ್ಟು ಶ್ರಾವಣ ಬಂದವೆಂದು ಎಣಿಸುವುದು ವ್ಯಾಕರಣದವರ ಕೆಲಸವಲ್ಲ.

ನಿನ್ನ ಮಗಳ ಹುಕುಮು: ನಾಳೆ ಹೊತ್ತು ಮೂಡುವ ಮುಂಚೆ ಮೂವರಿಗೂ ಅಕ್ಷರ ತಿದ್ದಲು ಉಸುಕು ಹರವಿಟ್ಟಿರಬೇಕಂತೆ. ತಡ ಮಾಡಿದರೆ ಪಂಡಿತನೆಂದೂ ನೋಡುವುದಿಲ್ಲವಂತೆ.

ಉಸುಕು ಸೋಸುತ್ತ ಕುಳಿತಿದ್ದೇನೆ, ಅಂದಾನೆಪ್ಪ. ಒಂದು ಹರಳೂ ಉಳಿಯದ ಹಾಗೆ.