ನನ್ನ ಮನೆಯಲ್ಲಿ ಗುನುಗದ ರಾಗ

ಅಂಗಡಿ ಮೇಲಿನ ಮನೆ,
ಹದಿನಾಲ್ಕನೇ ತಾರೀಕು, ಗುರುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀ? ಮೊಣಕಾಲು ನೋವು ಕಡಿಮೆಯಾಯಿತೇ? ಕಣ್ಣಿಗೆ ಹನಿ ಮರೆಯದೆ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ ಅಲ್ಲಿಯೂ ಸೀಸೆಯನ್ನು ದಿಂಬಿನ ಕೆಳಗಿಟ್ಟು ಮನೆಯವರಿಂದೆಲ್ಲ ಹುಡುಕಿಸುತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ. ಮೂರು ವಾರಕ್ಕೆಂದು ಮಗನ ಮನೆಗೆ ಹೋದ ತಾಯಿ ನಾಲ್ಕು ತಿಂಗಳಾದರೂ ಬರದಿದ್ದರೆ ಮಗಳು ಚೆನ್ನಾಗಿರದೆ ಇನ್ನೇನು! ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಮಗರಾಯ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲೇ ಕೂತಿರುತ್ತಾನೆ. ನಾನು ಅತ್ತರೆ ಅದನ್ನೂ ರೆಕಾರ್ಡ್ ಮಾಡಿಕೊಂಡು ತಾಳಕ್ಕೆ ಸೇರಿಸಿಬಿಟ್ಟಾನು. ಅದಕ್ಕೇ ಕಾಗದ. ನೀನೇ ಓದಿಕೋ, ಅವನ ಕೈಗೆ ಕೊಡಬೇಡ.

ಅವನು ಕಂಪ್ಯೂಟರಿನಲ್ಲಿ ಮಾಡಿದ ಹಾಡು ನನಗೂ ಬಂತು. ಹಾಡೇನು ಬಂತು ಮಣ್ಣು, ಇರುವುದೆಲ್ಲ ನಿನ್ನ ಗುನುಗು. ನೀನು ಹತ್ತು ಸೆಕೆಂಡು ಗುನುಗಿದ್ದನ್ನು ಹಿಡಿದು, ತಲೆ ಬಾಲ ಕತ್ತರಿಸಿ, ಹಾರ್ಮೋನಿಯಂನಂಥ ಕೀಲಿಮಣೆಯ ತುಂಬ ಹರಡಿ ಮೂರು ನಿಮಿಷ ಎಳೆದಿದ್ದಾನೆ. ದೊಡ್ಡಪ್ಪ ಅದನ್ನು ಕೇಳಿ ಕಣ್ಣೊರೆಸಿಕೊಂಡರಂತೆ. ಚಿಕ್ಕಮ್ಮನಂತೂ ‘ಮಗ ಅಂದ್ರೆ ಹೀಗಿರ್ಬೇಕು ಕಣೇ’ ಎಂದಳು. ಯಾರ ಹತ್ತಿರ? ಎಂಟು ವರ್ಷ ನಿನ್ನನ್ನು ಇಟ್ಟುಕೊಂಡವಳ ಹತ್ತಿರ! ನನಗೆ ಹೊಟ್ಟೆ ಉರಿಯಿತು ಅಮ್ಮಾ, ಸುಳ್ಳೇಕೆ ಹೇಳಲಿ. ಅವನಿಗೆ ಬಂದ ಹೊಗಳಿಕೆಗಲ್ಲ, ಆ ರಾಗಕ್ಕೆ. ಎಂಟು ವರ್ಷದಲ್ಲಿ ಆ ರಾಗವನ್ನು ನೀನು ನನ್ನ ಮನೆಯಲ್ಲಿ ಒಂದೇ ಒಂದು ದಿನವೂ ಗುನುಗಿಲ್ಲ. ಇಲ್ಲಿ ಕಿಟಕಿ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದೆ, ಬಾಯಿ ತೆರೆದರೆ ‘ದಾರ ಎಲ್ಲಿಟ್ಟೆ’, ‘ಫ್ಯಾನ್ ಆರಿಸು’, ಇಷ್ಟೇ. ಅಲ್ಲಿಗೆ ಹೋಗಿದ್ದೇ ತಡ, ಕೋಗಿಲೆಯಾಗಿಬಿಟ್ಟೆ.

ಅವನಿಗೆ ಬರುವುದಾದರೆ ನನಗೇಕೆ ಬಾರದು, ನಾನೂ ಒಂದು ಕೈ ನೋಡಿಯೇಬಿಡುತ್ತೇನೆ ಎಂದುಕೊಂಡೆ. ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಅವನನ್ನೇ ಕೇಳಿದ್ದು ನನ್ನ ತಪ್ಪು. ‘ಹೊಸದಾಗಿ ಕಲಿಯೋರಿಗೆ ನಾನು ಬಳಸೋದೇ ಸರಿ ಅಕ್ಕಾ, ಕಣ್ಮುಚ್ಕೊಂಡು ಹಾಕ್ಕೋ’ ಎಂದ. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಊರಿನವರಿಗೆ ಕಾರು ಓಡಿಸಲು ಕಲಿಸುವವನಲ್ಲವೇ, ನನ್ನ ಮೇಲೂ ಅದೇ ಧಾಟಿ: ‘ಮೊದ್ಲು ನಿಲ್ಸೋದು ಎಲ್ಲಿ ಅಂತ ನೋಡ್ಕೋ, ಆಮೇಲೆ ಓಡ್ಸು.’ ಅಭ್ಯಾಸ ಮಾಡಿಕೋ ಎಂದು ನಿನ್ನ ಗುನುಗಿನ ಫೈಲನ್ನೂ ಕಳಿಸಿದ, ದಾನ ಕೊಟ್ಟ ಹಾಗೆ. ಅದನ್ನು ನಾನು ಮುಟ್ಟಿಯೂ ಇಲ್ಲ. ಅವನು ಹೇಳಿದ್ದೊಂದನ್ನು ಬಿಟ್ಟು ಯಾವುದಾದರೂ ಸರಿ ಎಂದು ಹಟ ಹಿಡಿದೆ.

ಎದುರಿನ ಕಂಪ್ಯೂಟರ್ ರಿಪೇರಿಯವರು, ವರ್ಷಕ್ಕೆರಡು ಸಲ ಪ್ಯಾಂಟಿನ ಸೊಂಟ ಸಡಿಲಿಸಲು ಬರುತ್ತಾರಲ್ಲ, ಅವರೇ ಎರಡು ತೋರಿಸಿದರು. ಒಂದರಲ್ಲಿ ಸಾವಿರಾರು ಸದ್ದು ಸಿದ್ಧವಾಗಿಯೇ ಬರುತ್ತವೆ. ಪಿಯಾನೋ, ಪಿಟೀಲು, ಗಂಟೆ, ಯಾವುದೋ ಸಮುದ್ರದ ಗಾಳಿ. ರೆಡಿಮೇಡ್ ಅಂಗಡಿಯೇ ಸರಿ: ಎಲ್ಲವೂ ಇದೆ, ಯಾವುದೂ ನಮ್ಮ ಅಳತೆಯದಲ್ಲ. ಒಂದು ಗಂಟೆ ಒಂದೊಂದನ್ನೇ ಒತ್ತಿ ಕೇಳಿ, ಒಂದು ಸಾಲೂ ಕಟ್ಟದೆ ಎದ್ದೆ. ಇನ್ನೊಂದು ಶುದ್ಧ ಬೋಳು. ಒಂದು ಕೀಲಿಮಣೆ, ಅದರ ಮೇಲೆ ಒಂದು ಖಾಲಿ ಚೌಕ. ಸದ್ದನ್ನು ನಾವೇ ತಂದು ಆ ಚೌಕದಲ್ಲಿಟ್ಟರೆ ಅದು ಪ್ರತಿಯೊಂದು ಗುಂಡಿಗೂ ಸ್ವರ ಏರಿಸಿ ಇಳಿಸಿ ಹಂಚುತ್ತದೆ. ‘ಇದ್ರಲ್ಲಿ ಹೊಲಿಗೆ ಮಾತ್ರ ಅವ್ರದ್ದು, ಬಟ್ಟೆ ನಿಮ್ಮದೇ ತರ್ಬೇಕು’ ಎಂದರು. ಹೊಸಬರಿಗೆ ಇದೇ ಸರಿ ಎನಿಸಿತು, ದಾರಿ ತಪ್ಪೋಣವೆಂದರೂ ಜಾಗವಿಲ್ಲ. ಅದನ್ನೇ ಹಾಕಿಸಿಕೊಂಡೆ.

ಕತ್ತರಿಯ ಸದ್ದು ಹಾಕಿದೆ, ಮಿಷನ್ ತುಳಿಯುವ ಸದ್ದು ಹಾಕಿದೆ, ತಾಳವೇನೋ ಚೆನ್ನಾಗಿಯೇ ಬಂತು. ಮೇಲಕ್ಕೆ ನಿನ್ನ ದನಿ ಬೇಕು. ಫೋನೆಲ್ಲ ಜಾಲಾಡಿದೆ. ಎಂಟು ವರ್ಷದಲ್ಲಿ ನಿನ್ನ ದನಿ ಸಿಕ್ಕಿದ್ದು ಒಂದೇ ಕಡೆ: ಅಂಗಡಿಗೆ ಹೊಸ ಬೋರ್ಡು ಹಾಕಿಸಿದ ದಿನದ ವಿಡಿಯೋದಲ್ಲಿ, ಮುಖಕ್ಕೆ ಸೆರಗು ಅಡ್ಡ ಹಿಡಿದು, ‘ಸಾಕು, ಆರಿಸೇ ಅದನ್ನ’ ಎಂದಿದ್ದೀ. ಅದನ್ನೇ ಹಾಕಿದೆ. ಬಲಗಡೆಯ ಗುಂಡಿ ಒತ್ತಿದರೆ ಐದು ವರ್ಷದ ಹುಡುಗಿ ಗದರುತ್ತಾಳೆ, ಎಡಗಡೆಯದನ್ನು ಒತ್ತಿದರೆ ನೆಗಡಿಯಾದ ಪೈಲ್ವಾನ. ಮೂರನ್ನು ಒಟ್ಟಿಗೆ ಒತ್ತಿದೆ. ಮೂವರು ಅಮ್ಮಂದಿರು ಸೇರಿ ಬೈದರು. ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ಅಳು ಬಂತು. ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಇದ್ದು ನನಗೆ ಉಳಿದದ್ದು ಇಷ್ಟೇನಾ ಅಮ್ಮಾ? ಅವನ ಹತ್ತಿರ ನಾಲ್ಕೇ ತಿಂಗಳಲ್ಲಿ ನಲವತ್ತು ಫೈಲುಗಳಿವೆಯಂತೆ.

ಮೊನ್ನೆ ಫೋನಿನಲ್ಲಿ ‘ಇಲ್ಲೇ ಇದ್ದುಬಿಡ್ಲಾ ಅಂತ ಯೋಚ್ನೆ’ ಎಂದೆಯಲ್ಲ, ಅವತ್ತಿನಿಂದ ಒಂದು ಕಾಲರೂ ನೆಟ್ಟಗೆ ಕೂತಿಲ್ಲ. ನೆಟ್ಟಗೆ ಹೇಳುತ್ತೇನೆ ಕೇಳು. ಇಪ್ಪತ್ನಾಲ್ಕನೇ ತಾರೀಕು, ಭಾನುವಾರದ ರೈಲಿಗೆ ನಿನ್ನ ಹೆಸರಲ್ಲಿ ಸೀಟು ಹಿಡಿಸಿದ್ದೇನೆ. ಬರಬೇಕು. ‘ನೋಡೋಣ’ ಎನ್ನಬೇಡ, ನಿನ್ನ ‘ನೋಡೋಣ’ ನನಗೆ ಗೊತ್ತಿದೆ. ಅವನಿಗೆ ಹೆಂಡತಿ ಇದ್ದಾಳೆ, ಮಾತಾಡಲು ಕಾರಿನ ತುಂಬ ಜನ ಇದ್ದಾರೆ. ನನಗೆ ಇಸ್ತ್ರಿಪೆಟ್ಟಿಗೆ ಬಿಟ್ಟರೆ ಯಾರಿದ್ದಾರೆ? ನಿನ್ನ ಕುರ್ಚಿಯ ಮೇಲೆ ಬಟ್ಟೆ ರಾಶಿ ಹಾಕಿದ್ದೆ, ನಿನ್ನೆ ತೆಗೆದು ಒರೆಸಿಟ್ಟಿದ್ದೇನೆ.

ಅವನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಮನಸ್ಸಾದರೆ ಅವನಿಗೂ ಹೇಳು. ನಿನ್ನ ಆಶೀರ್ವಾದವನ್ನೆಲ್ಲ ಅಲ್ಲೇ ಖಾಲಿ ಮಾಡದೆ ನನಗೂ ಒಂದಿಷ್ಟು ಉಳಿಸಿಕೊಂಡು ಬಾ.

ಕತ್ತರಿ ಕೆಳಗಿಟ್ಟು ನಿನ್ನ ಕಾಲಿಗೆ ಬೀಳುವ,
ಐವತ್ತು ದಾಟಿದರೂ ಗುಂಡಗೇ ಇರುವ
ನಿನ್ನ ಗುಂಡಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ತಡೆಯಲಾರದೆ ಅವನು ಕಳಿಸಿದ ನಿನ್ನ ಗುನುಗನ್ನು ನನ್ನ ಬೋಳು ಸಾಫ್ಟ್‌ವೇರಿಗೆ ಹಾಕಿ ನೋಡಿದೆ. ಅವನ ಹಾಡಿನಲ್ಲಿ ಹತ್ತು ಸೆಕೆಂಡಿಗೆ ಮುಗಿಯುವ ಗುನುಗು ನನ್ನದರಲ್ಲಿ ಮುಗಿಯಲೇ ಇಲ್ಲ. ಓಡಿಹೋಗಿ ರಿಪೇರಿಯವರನ್ನು ಕೇಳಿದೆ. ಅವನ ಸಾಫ್ಟ್‌ವೇರ್ ನಿಜವಾಗಿ ಕತ್ತರಿಸುವುದಿಲ್ಲವಂತೆ, ಇಲ್ಲಿಂದ ಇಲ್ಲಿಯವರೆಗೆ ನುಡಿಸು ಎಂದು ಗುರುತು ಹಾಕಿಕೊಳ್ಳುತ್ತದಂತೆ ಅಷ್ಟೇ, ನಾವು ಉದ್ದದ ಪ್ಯಾಂಟನ್ನು ಕತ್ತರಿಸದೆ ಒಳಗೆ ಮಡಚಿ ಹೊಲಿಯುತ್ತೇವಲ್ಲ, ಹಾಗೆ. ನನ್ನದಕ್ಕೆ ಆ ಗುರುತು ಕಾಣುವುದಿಲ್ಲ, ಪೂರ್ತಿ ಬಿಚ್ಚಿ ನುಡಿಸುತ್ತದೆ. ಮಡಚಿಟ್ಟದ್ದೂ ನನ್ನ ಕೈಗೆ ಬಂದಿದೆಯೆಂದು ಅವನಿಗೆ ಗೊತ್ತಿಲ್ಲ. ಗುನುಗು ಮುಗಿದ ಮೇಲೆ ನೀನು ಹೇಳುತ್ತೀ: ‘ಇದು ಗುಂಡಿಗೆ ಹಾಡ್ತಿದ್ದೆ ಕಣೋ, ತೊಟ್ಟಿಲಲ್ಲಿ.’ ಅವನು ಕೇಳುತ್ತಾನೆ: ‘ನಂಗೆ?’ ನೀನು ನಗುತ್ತೀ: ‘ನಿನ್ನ ಹೊತ್ತಿಗೆ ಮಿಷನ್ ಬಿಟ್ಟು ಏಳೋಕೆ ನಂಗೆಲ್ಲಿತ್ತೋ ಪುರುಸೊತ್ತು? ಅವಳೇ ತಟ್ಟಿ ಮಲಗಿಸ್ತಿದ್ಲು.’ ಆಮೇಲೆ ಅವನ ಕುರ್ಚಿ ಕಿರ್ ಎನ್ನುತ್ತದೆ, ಫೈಲು ಅಲ್ಲಿಗೆ ನಿಲ್ಲುತ್ತದೆ.

ಹದಿನೈದು ಸಲ ಕೇಳಿದೆ. ಮೊದಮೊದಲು ನನ್ನದು, ನನ್ನದು ಎಂದು ಕುಣಿಯುವಂತಾಯಿತು. ಆಮೇಲಾಮೇಲೆ ಅವನ ‘ನಂಗೆ?’ ಒಂದೇ ಕೇಳಿಸತೊಡಗಿತು. ಭಾನುವಾರದ ಸೀಟು ರದ್ದು ಮಾಡಿಸಿಬಿಡುತ್ತೇನೆ. ಇನ್ನೊಂದು ತಿಂಗಳು ಅಲ್ಲೇ ಇರು. ಒಂದೇ ತಿಂಗಳು, ದಿನ ಎಣಿಸುತ್ತಿರುತ್ತೇನೆ. ಅವನಿಗೊಂದು ರಾಗ ಗುನುಗು. ನನಗೆ ಯಾವತ್ತೂ ಹಾಡಿರದದ್ದು, ಅವನಿಗೇ ಎಂದು. ಅದನ್ನು ಮಾತ್ರ ನನಗೆ ಕಳಿಸಬೇಡವೆಂದು ಹೇಳು, ಹೊಟ್ಟೆ ಉರಿಯುತ್ತದೆ.